ತಾಯಿಯಾಗುವ ಮುನ್ನ: ಸಕ್ಕರೆ ಕಾಯಿಲೆ, ಹೊಸ ಉಪಕರಣಗಳು ಮತ್ತು ನಮ್ಮ ಕುಟುಂಬಗಳು

ಮಗುವಿಗಾಗಿ ಪ್ರಾರ್ಥಿಸುವ ದಂಪತಿಗಳು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಅವರಲ್ಲಿ ಕೆಲವರ ಪ್ರಾರ್ಥನೆಯ ಜೊತೆಗೆ ಒಂದು ಭಯವೂ ಇರುತ್ತದೆ. ಹೆಂಡತಿಗೆ ಸಕ್ಕರೆ ಕಾಯಿಲೆ ಇದೆ. ಕೆಲವರು ಶಾಲೆಗೆ ಹೋಗುವ ವಯಸ್ಸಿನಿಂದಲೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾರೆ, ಇನ್ನು ಕೆಲವರಿಗೆ ಮೂವತ್ತರ ಹೊತ್ತಿಗೆ ಕಾಯಿಲೆ ಪತ್ತೆಯಾಗಿದೆ. "ನನಗೆ ಮಗುವಾಗಬಹುದೇ? ಆದರೆ ಆರೋಗ್ಯವಾಗಿ ಇರಬಹುದೇ?" ಎಂಬ ಪ್ರಶ್ನೆಯನ್ನು ವೈದ್ಯರ ಬಳಿ ಕೇಳಲು ಹಿಂಜರಿಯುವವರು ಧರ್ಮಗುರುಗಳ ಬಳಿ ಅಥವಾ ಪರಿಚಯದ ಧರ್ಮಭಗಿನಿಯರ ಬಳಿ ಮೆಲ್ಲನೆ ಕೇಳುವುದುಂಟು.

ಇತ್ತೀಚಿನ ವರ್ಷಗಳಲ್ಲಿ ತೋಳಿಗೆ ಅಂಟಿಸುವ ಸೆನ್ಸರ್, ಸೊಂಟಕ್ಕೆ ಸಿಕ್ಕಿಸುವ ಇನ್ಸುಲಿನ್ ಪಂಪ್ ಮೊದಲಾದ ಉಪಕರಣಗಳು ನಮ್ಮ ಊರಿಗೂ ಬಂದಿವೆ. ಅವುಗಳ ಬಗ್ಗೆ ಅತಿಯಾದ ಆಸೆಯೂ ಇದೆ, ಅತಿಯಾದ ಹೆದರಿಕೆಯೂ ಇದೆ. ಈ ಉಪಕರಣಗಳು ಏನು ಮಾಡುತ್ತವೆ, ಏನು ಮಾಡುವುದಿಲ್ಲ, ಗರ್ಭಧಾರಣೆಗೆ ಮುನ್ನ ಅವುಗಳಿಗೆ ಹೊಂದಿಕೊಳ್ಳುವುದು ಹೇಗೆ, ಈ ವಿಷಯದಲ್ಲಿ ಧರ್ಮಸಭೆ ಏನು ಹೇಳುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ, ವೈದ್ಯರ ಬಳಿ ಹೋಗುವ ಮುನ್ನ ತಿಳಿದಿರಬೇಕಾದ ವಿಷಯ.

ಕಾಯಿಲೆ ಒಂದೇ ಹೆಸರು, ಬಗೆ ಬೇರೆ

ಒಂದನೇ ಬಗೆಯ ಮಧುಮೇಹದಲ್ಲಿ ದೇಹದಲ್ಲಿ ಇನ್ಸುಲಿನ್ ತಯಾರಾಗುವುದು ಬಹುತೇಕ ನಿಂತೇ ಹೋಗಿರುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಯುವಜನರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಇನ್ಸುಲಿನ್ ಇಲ್ಲದೆ ಇವರು ಬದುಕುವುದು ಸಾಧ್ಯವಿಲ್ಲ. ಎರಡನೇ ಬಗೆಯಲ್ಲಿ ಇನ್ಸುಲಿನ್ ಇದ್ದರೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ ಅಥವಾ ಸಾಕಾಗುವುದಿಲ್ಲ. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಇರುವುದು ಇದೇ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಮೂರನೆಯದು ಗರ್ಭಿಣಿಯಾದ ಮೇಲೆ ಮೊದಲ ಬಾರಿಗೆ ಕಾಣಿಸುವ ಸಕ್ಕರೆ. ಈ ಲೇಖನ ಮುಖ್ಯವಾಗಿ ಮೊದಲೇ ಮಧುಮೇಹ ಇರುವ, ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವ ಸಹೋದರಿಯರಿಗೆ ಸಂಬಂಧಿಸಿದ್ದು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮಧುಮೇಹ ಇರುವ ಹೆಚ್ಚಿನ ತಾಯಂದಿರು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. "ಸಕ್ಕರೆ ಕಾಯಿಲೆ ಇದ್ದವಳಿಗೆ ಮಗು ಬೇಡ" ಎಂಬುದು ಹಳೆಯ ಕಾಲದ ಮಾತು. 1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಪತ್ತೆಯಾಗುವ ಮುನ್ನ ಇಂತಹ ಸ್ತ್ರೀಯರು ಬದುಕಿ ಉಳಿಯುವುದೇ ಕಷ್ಟವಾಗಿತ್ತು. ಇಂದು ಪರಿಸ್ಥಿತಿ ಸಂಪೂರ್ಣ ಬದಲಾಗಿದೆ. ಆದರೆ ಅದಕ್ಕೆ ಒಂದು ಷರತ್ತಿದೆ: ಸಿದ್ಧತೆ ಗರ್ಭ ನಿಂತ ಮೇಲೆ ಅಲ್ಲ, ಮೊದಲೇ ಆರಂಭವಾಗಬೇಕು.

ಮೊದಲೇ ಏಕೆ?

ತಾಯಿಯ ರಕ್ತದಲ್ಲಿರುವ ಸಕ್ಕರೆ ಮಾಸುಚೀಲದ ಮೂಲಕ ಮಗುವಿಗೆ ಹೋಗುತ್ತದೆ, ಆದರೆ ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಮಗುವಿನ ಬೆನ್ನುಹುರಿಯ ಕೊಳವೆ ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಹೃದಯ ಮತ್ತಿತರ ಮುಖ್ಯ ಅಂಗಗಳು ಮೊದಲ ಎಂಟು ವಾರಗಳಲ್ಲಿ ರೂಪುಗೊಳ್ಳುತ್ತವೆ. ಮುಟ್ಟು ತಪ್ಪಿತು, ಪರೀಕ್ಷೆ ಮಾಡಿಸಬೇಕು, ವೈದ್ಯರ ಬಳಿ ಹೋಗಬೇಕು ಎನ್ನುವಷ್ಟರಲ್ಲಿ ಈ ಕಾಲದ ಬಹುಪಾಲು ಕಳೆದಿರುತ್ತದೆ. ಆ ವಾರಗಳಲ್ಲಿ ಸಕ್ಕರೆ ಬಹಳ ಹೆಚ್ಚಾಗಿದ್ದರೆ ಗರ್ಭಪಾತ ಮತ್ತು ಅಂಗದೋಷದ ಅಪಾಯ ಹೆಚ್ಚುತ್ತದೆ. ನಂತರದ ತಿಂಗಳುಗಳಲ್ಲಿ ಹೆಚ್ಚು ಸಕ್ಕರೆ ಬಂದರೆ ಮಗುವಿನ ದೇಹವೇ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ. ಮಗು ಅತಿಯಾಗಿ ದಪ್ಪವಾಗುತ್ತದೆ. ಹುಟ್ಟಿದ ಕೂಡಲೇ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ಆದರೆ ಮಗುವಿನ ಇನ್ಸುಲಿನ್ ಹಾಗೆಯೇ ಇರುವುದರಿಂದ ಅದರ ಸಕ್ಕರೆ ಕುಸಿಯುತ್ತದೆ.

ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಗರ್ಭಧಾರಣೆಗೆ ಮುನ್ನ 6.5 ಶೇಕಡಾಕ್ಕಿಂತ ಕಡಿಮೆ ಇರುವುದು ಒಳ್ಳೆಯದು ಎಂದು ತಜ್ಞರು ಹೇಳುತ್ತಾರೆ. ಆದರೆ ಅದಕ್ಕಾಗಿ ಸಕ್ಕರೆ ಪದೇ ಪದೇ ತೀರಾ ಕೆಳಗೆ ಇಳಿಯಬಾರದು. 10 ಶೇಕಡಾಕ್ಕಿಂತ ಮೇಲಿದ್ದರೆ ಅದು ಇಳಿಯುವ ತನಕ ಗರ್ಭಧಾರಣೆಯನ್ನು ಮುಂದೂಡುವಂತೆ ಸಲಹೆ ನೀಡಲಾಗುತ್ತದೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ಸ್ತ್ರೀಯರಲ್ಲಿ ರಕ್ತಹೀನತೆ ಸಾಮಾನ್ಯ. ರಕ್ತಹೀನತೆ ಇದ್ದಾಗ ಈ ಪರೀಕ್ಷೆಯ ಫಲಿತಾಂಶ ನಿಜಕ್ಕಿಂತ ಬೇರೆಯಾಗಿ ಬರಬಹುದು. ಆದ್ದರಿಂದ ಒಂದೇ ಅಂಕಿಯನ್ನು ನೋಡಿ ನಿರ್ಧರಿಸದೆ ದಿನನಿತ್ಯದ ಸಕ್ಕರೆಯನ್ನೂ ನೋಡಬೇಕಾಗುತ್ತದೆ. ಹೊಸ ಉಪಕರಣಗಳು ಸಹಾಯಕ್ಕೆ ಬರುವುದು ಇಲ್ಲಿಯೇ.

ಈ ಉಪಕರಣಗಳು ಯಾವುವು?

ಸೆನ್ಸರ್: ಸುಮಾರು ಒಂದು ನಾಣ್ಯದಷ್ಟು ಗಾತ್ರದ ಈ ಸಾಧನವನ್ನು ತೋಳಿಗೆ ಅಥವಾ ಹೊಟ್ಟೆಯ ಭಾಗಕ್ಕೆ ಅಂಟಿಸುತ್ತಾರೆ. ಕೂದಲಿನಂತಹ ಸಣ್ಣ ತಂತು ಚರ್ಮದ ಕೆಳಗೆ ಇರುತ್ತದೆ. ಅದು ಕೆಲವೇ ನಿಮಿಷಗಳಿಗೊಮ್ಮೆ ಸಕ್ಕರೆಯನ್ನು ಅಳೆದು ಮೊಬೈಲಿಗೆ ಕಳುಹಿಸುತ್ತದೆ. ಸಾಮಾನ್ಯವಾಗಿ 10ರಿಂದ 15 ದಿನಗಳಿಗೊಮ್ಮೆ ಹೊಸದನ್ನು ಹಾಕಬೇಕು. ಇದು ಅಳೆಯುವುದು ರಕ್ತದ ಸಕ್ಕರೆಯನ್ನಲ್ಲ, ಚರ್ಮದ ಕೆಳಗಿನ ದ್ರವದ ಸಕ್ಕರೆಯನ್ನು. ಹಾಗಾಗಿ ಸಕ್ಕರೆ ವೇಗವಾಗಿ ಏರುವಾಗ ಇಳಿಯುವಾಗ ಇದು ಕೆಲವು ನಿಮಿಷ ಹಿಂದೆ ಇರುತ್ತದೆ. ಮೈ ನಡುಗುತ್ತಿದೆ, ಬೆವರುತ್ತಿದೆ, ಆದರೆ ಸೆನ್ಸರ್ ಸರಿಯಾದ ಅಂಕಿ ತೋರಿಸುತ್ತಿದೆ ಎಂದಾದರೆ ಬೆರಳು ಚುಚ್ಚಿ ನೋಡಲೇಬೇಕು.

ಇನ್ಸುಲಿನ್ ಪಂಪ್: ದಿನಕ್ಕೆ ನಾಲ್ಕೈದು ಬಾರಿ ಚುಚ್ಚುವ ಬದಲು ಸಣ್ಣ ನಳಿಕೆಯ ಮೂಲಕ ಇದು ಸದಾಕಾಲ ಸ್ವಲ್ಪ ಸ್ವಲ್ಪ ಇನ್ಸುಲಿನ್ ಕೊಡುತ್ತದೆ. ಊಟದ ಹೊತ್ತಿಗೆ ಗುಂಡಿ ಒತ್ತಿ ಹೆಚ್ಚು ಕೊಡಬೇಕು. ಚರ್ಮದಲ್ಲಿರುವ ನಳಿಕೆಯನ್ನು ಸಾಮಾನ್ಯವಾಗಿ ಎರಡು ಮೂರು ದಿನಗಳಿಗೊಮ್ಮೆ ಬದಲಿಸಬೇಕು.

ಸ್ವಯಂಚಾಲಿತ ವ್ಯವಸ್ಥೆ: ಸೆನ್ಸರ್ ಮತ್ತು ಪಂಪ್ ಒಂದಕ್ಕೊಂದು ಮಾತನಾಡಿಕೊಂಡು ಇನ್ಸುಲಿನ್ ಪ್ರಮಾಣವನ್ನು ತಾನಾಗಿಯೇ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ಇದು. ಇಂತಹ ಮೊದಲ ವ್ಯವಸ್ಥೆಗೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆಯಿತು. ಇದು ಸಂಪೂರ್ಣ ಸ್ವಯಂಚಾಲಿತ ಅಲ್ಲ. ಊಟದಲ್ಲಿ ಎಷ್ಟು ಪಿಷ್ಟವಿದೆ ಎಂದು ಇಂದಿಗೂ ಹೆಚ್ಚಿನ ವ್ಯವಸ್ಥೆಗಳಿಗೆ ನಾವೇ ಹೇಳಬೇಕು.

ಅಧ್ಯಯನಗಳು ಏನು ಹೇಳುತ್ತವೆ?

2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕನ್ಸೆಪ್ಟ್ ಎಂಬ ಅಧ್ಯಯನ ಪ್ರಕಟವಾಯಿತು. ಆರು ದೇಶಗಳಲ್ಲಿ, ಒಂದನೇ ಬಗೆಯ ಮಧುಮೇಹ ಇರುವ 325 ಸ್ತ್ರೀಯರು ಅದರಲ್ಲಿ ಭಾಗವಹಿಸಿದ್ದರು. ಇವರಲ್ಲಿ 215 ಮಂದಿ ಗರ್ಭಿಣಿಯರು, 110 ಮಂದಿ ಗರ್ಭಧಾರಣೆಗೆ ಸಿದ್ಧತೆ ಮಾಡುತ್ತಿದ್ದವರು. ಸೆನ್ಸರ್ ಬಳಸಿದ ಗರ್ಭಿಣಿಯರ ಮಕ್ಕಳಲ್ಲಿ ಅತಿಯಾದ ತೂಕ 53 ಶೇಕಡಾ ಮಂದಿಗೆ ಇದ್ದರೆ, ಬೆರಳು ಚುಚ್ಚಿ ಮಾತ್ರ ನೋಡಿಕೊಂಡವರ ಮಕ್ಕಳಲ್ಲಿ ಅದು 69 ಶೇಕಡಾ ಇತ್ತು. 24 ಗಂಟೆಗಿಂತ ಹೆಚ್ಚು ಕಾಲ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಸೇರಬೇಕಾದ ಮಕ್ಕಳು 27 ಶೇಕಡಾ, ಇನ್ನೊಂದು ಗುಂಪಿನಲ್ಲಿ 43 ಶೇಕಡಾ. ಹುಟ್ಟಿದ ಮೇಲೆ ಸಕ್ಕರೆ ಕುಸಿದು ಚಿಕಿತ್ಸೆ ಬೇಕಾದವರ ಪ್ರಮಾಣವೂ 28ರಿಂದ 15 ಶೇಕಡಾಕ್ಕೆ ಇಳಿದಿತ್ತು.

ಆದರೆ ಗರ್ಭಧಾರಣೆಗೆ ಸಿದ್ಧತೆ ಮಾಡುತ್ತಿದ್ದ 110 ಮಂದಿಯಲ್ಲಿ ಸೆನ್ಸರ್‌ನಿಂದ ಇಷ್ಟು ಸ್ಪಷ್ಟವಾದ ಲಾಭ ಕಂಡುಬರಲಿಲ್ಲ. ಇದರಿಂದ ನಾವು ಕಲಿಯಬೇಕಾದ ಪಾಠವಿದೆ. ತೋಳಿಗೆ ಸೆನ್ಸರ್ ಅಂಟಿಸಿದ ಮಾತ್ರಕ್ಕೆ ಸಕ್ಕರೆ ಇಳಿಯುವುದಿಲ್ಲ. ಅದು ತೋರಿಸುವುದನ್ನು ಓದಿ, ವೈದ್ಯರೊಂದಿಗೆ ಚರ್ಚಿಸಿ, ಊಟ ಮತ್ತು ಇನ್ಸುಲಿನ್ ಬದಲಿಸಿಕೊಂಡಾಗ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ.

2023ರಲ್ಲಿ ಇನ್ನೊಂದು ಅಧ್ಯಯನ ಬಂತು. ಬ್ರಿಟನ್ನಿನ 9 ಆಸ್ಪತ್ರೆಗಳಲ್ಲಿ 124 ಗರ್ಭಿಣಿಯರ ಮೇಲೆ ಸ್ವಯಂಚಾಲಿತ ವ್ಯವಸ್ಥೆಯೊಂದನ್ನು ಪರೀಕ್ಷಿಸಲಾಯಿತು. ಗರ್ಭಿಣಿಯರಿಗೆ ಸರಿಯೆಂದು ಒಪ್ಪಿರುವ 63ರಿಂದ 140 ಮಿಲಿಗ್ರಾಂ ಮಟ್ಟದೊಳಗೆ ಅವರ ಸಕ್ಕರೆ ದಿನದ 68 ಶೇಕಡಾ ಕಾಲ ಇತ್ತು. ಮಾಮೂಲಿ ಚಿಕಿತ್ಸೆಯವರಲ್ಲಿ ಅದು 56 ಶೇಕಡಾ. ವ್ಯತ್ಯಾಸ ಸಣ್ಣದೆಂದು ಕಂಡರೂ ದಿನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು ಕಾಲ ಮಗುವಿಗೆ ಸರಿಯಾದ ಸಕ್ಕರೆ ಸಿಕ್ಕಿದಂತಾಯಿತು. ಗರ್ಭಿಣಿಯರ ಗುರಿ 70 ಶೇಕಡಾಕ್ಕಿಂತ ಹೆಚ್ಚು.

ಇಲ್ಲಿ ಎಚ್ಚರಿಕೆ ಅಗತ್ಯ. ಗರ್ಭಿಣಿಯಲ್ಲದವರಿಗೆ ಒಪ್ಪಿರುವ ಮಟ್ಟ 70ರಿಂದ 180. ಹಲವು ಸ್ವಯಂಚಾಲಿತ ಪಂಪ್‌ಗಳು ಅದನ್ನೇ ಮನಸ್ಸಿನಲ್ಲಿಟ್ಟು ತಯಾರಾದವು. ಗರ್ಭಿಣಿಗೆ ಬೇಕಾದಷ್ಟು ಕೆಳಗಿನ ಗುರಿಯನ್ನು ಅವುಗಳಲ್ಲಿ ಇಡಲು ಆಗುವುದಿಲ್ಲ. ಆದ್ದರಿಂದ ದುಡ್ಡು ಕೊಡುವ ಮುನ್ನ "ಇದನ್ನು ಗರ್ಭಿಣಿಯರು ಬಳಸಲು ಅನುಮತಿ ಇದೆಯೇ? ಇದರಲ್ಲಿ ಇಡಬಹುದಾದ ಅತಿ ಕಡಿಮೆ ಗುರಿ ಎಷ್ಟು?" ಎಂದು ಮಾರುವವರ ಬಳಿಯಲ್ಲ, ವೈದ್ಯರ ಬಳಿ ಕೇಳಿರಿ.

ಹೊಂದಿಕೊಳ್ಳಲು ಸಮಯ ಬೇಕು

ಹೊಸ ಉಪಕರಣವನ್ನು ಗರ್ಭ ನಿಂತ ಮೊದಲ ವಾರಗಳಲ್ಲಿ ಕಲಿಯಲು ಹೊರಡುವುದು ಕಷ್ಟ. ಆಗ ವಾಂತಿ, ಸುಸ್ತು, ಸಕ್ಕರೆಯ ಏರಿಳಿತ ಎಲ್ಲವೂ ಒಟ್ಟಿಗೆ ಬರುತ್ತವೆ. ಸಾಧ್ಯವಿದ್ದರೆ ಗರ್ಭಧಾರಣೆಗೆ ಮೂರರಿಂದ ಆರು ತಿಂಗಳು ಮೊದಲೇ ಉಪಕರಣ ಆರಂಭಿಸಿ ಕೈಗೆ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಹೊಂದಿಕೊಳ್ಳುವ ಈ ಕಾಲದಲ್ಲಿ ಎದುರಾಗುವ ಕೆಲವು ವಿಷಯಗಳು ಹೀಗಿವೆ.

1. ಅಂಕಿಗಳ ಭಾರ: ಮೊದಲು ದಿನಕ್ಕೆ ನಾಲ್ಕು ಅಂಕಿ ನೋಡುತ್ತಿದ್ದವರಿಗೆ ಈಗ ನೂರಾರು ಅಂಕಿಗಳು. ಪ್ರತಿಯೊಂದು ಏರಿಕೆಯೂ ತನ್ನದೇ ತಪ್ಪು ಎಂದು ಅನ್ನಿಸತೊಡಗುತ್ತದೆ. ಒಂದು ಅಂಕಿಗಿಂತ ಅದರ ಪಕ್ಕದಲ್ಲಿರುವ ಬಾಣದ ಗುರುತು ಮುಖ್ಯ. 110 ಇದ್ದು ಬಾಣ ಕೆಳಮುಖವಾಗಿದ್ದರೆ ಎಚ್ಚರ ಬೇಕು, 150 ಇದ್ದು ಬಾಣ ಇಳಿಯುತ್ತಿದ್ದರೆ ಗಾಬರಿಯಿಂದ ಇನ್ನಷ್ಟು ಇನ್ಸುಲಿನ್ ಹಾಕಬಾರದು. ಒಂದು ದಿನದ ಲೆಕ್ಕವಲ್ಲ, ಎರಡು ವಾರಗಳ ಚಿತ್ರ ನೋಡಬೇಕು.

2. ನಮ್ಮ ಊಟ: ಪಂಪಿಗೆ ಊಟದ ಪಿಷ್ಟದ ಲೆಕ್ಕ ಹೇಳಬೇಕು. ಕುಚ್ಚಲಕ್ಕಿ ಗಂಜಿ, ಸಣ್ಣಾಂ, ನೀರುದೋಸೆ, ತೆಂಗಿನಕಾಯಿ ಹಾಕಿದ ಮೀನಿನ ಸಾರು ಇವುಗಳ ಲೆಕ್ಕ ಪರದೇಶದ ಪಟ್ಟಿಯಲ್ಲಿ ಸಿಗುವುದಿಲ್ಲ. ಮನೆಯ ಸೌಟು, ಬಟ್ಟಲುಗಳಿಂದಲೇ ಅಳತೆ ಮಾಡಿಕೊಂಡು ಆಹಾರ ತಜ್ಞರ ಸಹಾಯದಿಂದ ಸ್ವಂತ ಪಟ್ಟಿ ತಯಾರಿಸಿಕೊಳ್ಳಬೇಕು. ತೆಂಗಿನಕಾಯಿ, ಎಣ್ಣೆ ಹೆಚ್ಚಿರುವ ಊಟದಲ್ಲಿ ಸಕ್ಕರೆ ತಡವಾಗಿ ಏರುತ್ತದೆ ಎಂಬುದನ್ನು ಸೆನ್ಸರ್ ತಾನೇ ತೋರಿಸಿಕೊಡುತ್ತದೆ. ಮದುವೆ, ರೋಸ್, ಮೊಂತಿ ಹಬ್ಬದ ಊಟದ ದಿನಗಳನ್ನು ಮೊದಲೇ ಅಭ್ಯಾಸ ಮಾಡಿಕೊಂಡರೆ ಗರ್ಭಿಣಿಯಾದಾಗ ಕಷ್ಟವಾಗುವುದಿಲ್ಲ.

3. ನಮ್ಮ ಹವೆ: ಕರಾವಳಿಯ ಸೆಕೆ ಮತ್ತು ಬೆವರಿಗೆ ಅಂಟು ಬೇಗ ಬಿಡುತ್ತದೆ. ಚರ್ಮವನ್ನು ಚೆನ್ನಾಗಿ ಒರೆಸಿ ಒಣಗಿಸಿ, ಎಣ್ಣೆ ಪೌಡರ್ ಹಚ್ಚದೆ ಅಂಟಿಸಬೇಕು. ಮೇಲಿನಿಂದ ಹೆಚ್ಚುವರಿ ಪಟ್ಟಿ ಹಾಕಬಹುದು. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ. ಪಂಪನ್ನು ಬಿಸಿಲಲ್ಲಿ ನಿಂತ ಸ್ಕೂಟರಿನಲ್ಲಿ, ಕಾರಿನಲ್ಲಿ ಬಿಡಬಾರದು. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಮೊಬೈಲ್ ಚಾರ್ಜ್, ಪಂಪಿನ ಬ್ಯಾಟರಿ, ಇನ್ಸುಲಿನ್ ತಂಪಾಗಿಡುವ ವ್ಯವಸ್ಥೆ ಇವೆಲ್ಲ ಮೊದಲೇ ಯೋಚಿಸಿರಬೇಕು.

4. ಪಂಪ್ ನಿಂತರೆ: ಪಂಪಿನಲ್ಲಿ ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ ಇರುತ್ತದೆ. ನಳಿಕೆ ಮಡಚಿದರೆ ಅಥವಾ ಕಳಚಿದರೆ ಕೆಲವೇ ಗಂಟೆಗಳಲ್ಲಿ ದೇಹದಲ್ಲಿ ಇನ್ಸುಲಿನ್ ಇಲ್ಲವಾಗಿ ಕೀಟೋನ್ ಎಂಬ ಆಮ್ಲ ಹೆಚ್ಚುತ್ತದೆ. ಗರ್ಭಿಣಿಯರಲ್ಲಿ ಇದು ಬಹುಬೇಗ, ಸಕ್ಕರೆ ತೀರಾ ಹೆಚ್ಚಿಲ್ಲದಿದ್ದರೂ ಬರಬಹುದು. ಇದು ತಾಯಿಗೂ ಮಗುವಿಗೂ ಪ್ರಾಣಾಪಾಯ. ಆದ್ದರಿಂದ ಇನ್ಸುಲಿನ್ ಪೆನ್ ಅಥವಾ ಸಿರಿಂಜ್ ಮತ್ತು ಕೀಟೋನ್ ಪಟ್ಟಿ ಸದಾ ಕೈಚೀಲದಲ್ಲಿರಬೇಕು. ನಿಲ್ಲದ ವಾಂತಿ ಇದ್ದರೆ "ಬಸುರಿ ವಾಂತಿ" ಎಂದು ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೋಗಬೇಕು.

5. ಸಕ್ಕರೆ ಕುಸಿತ: ಗರ್ಭದ ಮೊದಲ ತಿಂಗಳುಗಳಲ್ಲಿ ಸಕ್ಕರೆ ಹಠಾತ್ತನೆ ಕುಸಿಯುವುದು ಹೆಚ್ಚು, ಅದರ ಸೂಚನೆ ಗೊತ್ತಾಗುವುದೂ ಕಡಿಮೆಯಾಗುತ್ತದೆ. ಸೆನ್ಸರ್‌ನ ಅಲಾರಂ ಬಹಳ ಉಪಯುಕ್ತವಾಗುವುದು ಆಗಲೇ. 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಚಮಚ ಸಕ್ಕರೆ ನೀರಿನಲ್ಲಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಕೂಡಲೇ 108ಕ್ಕೆ ಕರೆ ಮಾಡಬೇಕು. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ರಾತ್ರಿ ಸುಳ್ಳು ಅಲಾರಂ ಹೊಡೆಯುವುದೂ ಉಂಟು. ಬೆರಳು ಚುಚ್ಚಿ ಖಚಿತಪಡಿಸಿಕೊಳ್ಳಿರಿ.

6. ನಿಧಾನವಾಗಿ ಇಳಿಸುವುದು: ವರ್ಷಗಟ್ಟಲೆ ಹೆಚ್ಚಿದ್ದ ಸಕ್ಕರೆ ಹೊಸ ಉಪಕರಣದಿಂದ ಒಮ್ಮೆಲೇ ಇಳಿದರೆ ಕಣ್ಣಿನ ಒಳಪದರದ ತೊಂದರೆ ಕೆಲವರಲ್ಲಿ ತಾತ್ಕಾಲಿಕವಾಗಿ ಹೆಚ್ಚುತ್ತದೆ. ಆದ್ದರಿಂದ ಆರಂಭದಲ್ಲಿಯೇ ಕಣ್ಣಿನ ಪರೀಕ್ಷೆ ಮಾಡಿಸಬೇಕು. ಸಿದ್ಧತೆಗೆ ತಿಂಗಳುಗಳು ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಉಪಕರಣ ಕೊಳ್ಳಲು ಆಗದಿದ್ದರೆ?

ಇದು ನೋವಿನ ಪ್ರಶ್ನೆ. ನಮ್ಮಲ್ಲಿ ಹೆಚ್ಚಿನ ಕುಟುಂಬಗಳು ಈ ಖರ್ಚನ್ನು ಕೈಯಿಂದಲೇ ಭರಿಸಬೇಕು. ತಿಂಗಳಿಗೆ ಎರಡು ಮೂರು ಸೆನ್ಸರ್ ಎಂದರೆ ಮೀನುಗಾರರಿಗೆ, ಬೀಡಿ ಕಟ್ಟುವವರಿಗೆ, ದಿನಗೂಲಿಯವರಿಗೆ ದೊಡ್ಡ ಮೊತ್ತ. ಅಂಥವರು ಧೈರ್ಯಗೆಡಬೇಕಾಗಿಲ್ಲ. ಸೆನ್ಸರ್ ಇಲ್ಲದ ಕಾಲದಲ್ಲೂ ಸಾವಿರಾರು ತಾಯಂದಿರು ಬೆರಳು ಚುಚ್ಚಿ ನೋಡಿ, ಇನ್ಸುಲಿನ್ ಚುಚ್ಚಿಕೊಂಡು ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಮುನ್ನ ಮತ್ತು ಊಟದ ನಂತರ ನೋಡಿ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸಕ್ಕೆ ಇಂದಿಗೂ ಬೆಲೆಯಿದೆ. ಗರ್ಭಿಣಿಯರಲ್ಲಿ ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾಗಿ ಒಂದು ಗಂಟೆಗೆ 140ಕ್ಕಿಂತ ಕಡಿಮೆ ಅಥವಾ ಎರಡು ಗಂಟೆಗೆ 120ಕ್ಕಿಂತ ಕಡಿಮೆ ಎಂಬುದು ಸಾಮಾನ್ಯ ಗುರಿ. ಎಲ್ಲ ತಿಂಗಳೂ ಆಗದಿದ್ದರೆ ಇನ್ಸುಲಿನ್ ಬದಲಿಸುವ ದಿನಗಳಲ್ಲಿ ಮತ್ತು ಗರ್ಭದ ಆರಂಭದ ವಾರಗಳಲ್ಲಿ ಮಾತ್ರ ಸೆನ್ಸರ್ ಬಳಸುವ ಬಗ್ಗೆ ವೈದ್ಯರೊಂದಿಗೆ ಮಾತನಾಡಬಹುದು.

ಗರ್ಭಧಾರಣೆಗೆ ಮುನ್ನ ವೈದ್ಯರ ಬಳಿ ಕೇಳಬೇಕಾದವು

ಕಣ್ಣು, ಮೂತ್ರಪಿಂಡ, ರಕ್ತದೊತ್ತಡ, ಥೈರಾಯ್ಡ್ ಪರೀಕ್ಷೆಗಳು ಆಗಿವೆಯೇ? ಫೋಲಿಕ್ ಆಮ್ಲದ ಮಾತ್ರೆ ಯಾವಾಗ, ಎಷ್ಟು? ಮಧುಮೇಹ ಇರುವವರಿಗೆ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ದಿನಕ್ಕೆ 5 ಮಿಲಿಗ್ರಾಂ ಹೇಳುತ್ತದೆ, ಗರ್ಭಧಾರಣೆಗೆ ಪ್ರಯತ್ನಿಸುವಾಗಿನಿಂದ 12 ವಾರಗಳ ತನಕ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು? ರಕ್ತದೊತ್ತಡದ ಕೆಲವು ಮಾತ್ರೆಗಳು, ಕೊಬ್ಬಿನಂಶ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ಗರ್ಭಿಣಿಯರಿಗೆ ಯೋಗ್ಯವಲ್ಲ. ಇತ್ತೀಚೆಗೆ ತೂಕ ಮತ್ತು ಸಕ್ಕರೆ ಇಳಿಸಲು ಬಳಸುವ ಸೆಮಗ್ಲುಟೈಡ್ ಔಷಧವನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಆದರೆ ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬಾರದು, ಇನ್ಸುಲಿನನ್ನು ಎಂದಿಗೂ ನಿಲ್ಲಿಸಬಾರದು.

ಗರ್ಭ ನಿಂತ ಮೇಲೆ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ಇರುತ್ತದೆ. ಇದು ನಾಲ್ಕನೇ ತಿಂಗಳ ನಂತರದವರಿಗೆ. ಮೊದಲೇ ಮಧುಮೇಹ ಇರುವವರು ಅಷ್ಟು ದಿನ ಕಾಯದೆ ಮುಟ್ಟು ತಪ್ಪಿದ ಕೂಡಲೇ ವೈದ್ಯರನ್ನು ಕಾಣಬೇಕು.

ಕಾಯುವುದು ಪಾಪವೇ?

ಸಕ್ಕರೆ ಹತೋಟಿಗೆ ಬರುವ ತನಕ ಕೆಲವು ತಿಂಗಳು ಗರ್ಭಧಾರಣೆ ಬೇಡ ಎಂದು ವೈದ್ಯರು ಹೇಳಿದಾಗ ಶ್ರದ್ಧೆಯುಳ್ಳ ದಂಪತಿಗಳು ಗೊಂದಲಕ್ಕೆ ಒಳಗಾಗುತ್ತಾರೆ. ಪೋಪ್ 6ನೇ ಪೌಲರು 1968ರಲ್ಲಿ ಹೊರಡಿಸಿದ ಹುಮಾನೆ ವೀಟೆ ವಿಶ್ವಪತ್ರ ಇದಕ್ಕೆ ಉತ್ತರ ನೀಡಿದೆ. ದೇಹದ ಆರೋಗ್ಯ ಮೊದಲಾದ ಗಂಭೀರ ಕಾರಣಗಳಿದ್ದಾಗ ದಂಪತಿಗಳು ಸ್ತ್ರೀಯ ಫಲವಂತಿಕೆಯ ದಿನಗಳನ್ನು ಅರಿತು, ಸ್ವಾಭಾವಿಕ ವಿಧಾನದಿಂದ ಹೆರಿಗೆಗಳ ನಡುವೆ ಅಂತರ ಇಡುವುದು ನ್ಯಾಯಸಮ್ಮತ ಎಂದು ಧರ್ಮಸಭೆ ಬೋಧಿಸುತ್ತದೆ. ಹುಟ್ಟಲಿರುವ ಮಗುವಿನ ಒಳಿತಿಗಾಗಿ ಕಾಯುವುದು ಹೊಣೆಯುಳ್ಳ ತಾಯ್ತನ ತಂದೆತನದ ಒಂದು ಭಾಗ. ಆದರೆ ಈ ವಿಧಾನವನ್ನು ಅಂದಾಜಿನಲ್ಲಿ ಮಾಡಬಾರದು. ಮಧುಮೇಹ ಇರುವ ಕೆಲವರಲ್ಲಿ ಮುಟ್ಟು ಕ್ರಮವಾಗಿ ಬರುವುದಿಲ್ಲ. ತರಬೇತಿ ಪಡೆದವರಿಂದ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕಲಿಯಬೇಕು.

ಸಿದ್ಧತೆ ಇಲ್ಲದೆ ಗರ್ಭ ನಿಂತರೆ? ಆಗ ಭಯದಿಂದ ಮಗುವನ್ನು ಕಳೆದುಕೊಳ್ಳುವ ಮಾತು ಮನೆಯಲ್ಲಿ ಬರಬಾರದು. ಅಪಾಯ ಹೆಚ್ಚು ಎಂದರೆ ಮಗುವಿಗೆ ದೋಷ ಖಂಡಿತ ಎಂದಲ್ಲ. ಅದೇ ದಿನ ವೈದ್ಯರನ್ನು ಕಂಡು ಸಕ್ಕರೆ ಹತೋಟಿಗೆ ತಂದರೆ ಅಂದಿನಿಂದ ಪ್ರತಿಯೊಂದು ದಿನವೂ ಮಗುವಿಗೆ ಲಾಭವೇ. ಅಂತಹ ತಾಯಿಗೆ ಬೇಕಾಗಿರುವುದು ತೀರ್ಪು ಅಲ್ಲ, ಜೊತೆಗೆ ಆಸ್ಪತ್ರೆಗೆ ಬರುವ ಒಬ್ಬರು.

"ದೇವರು ಕೊಟ್ಟದ್ದನ್ನು ಯಂತ್ರದಿಂದ ತಿದ್ದುವುದೇಕೆ" ಎಂದು ಕೇಳುವವರೂ ಇದ್ದಾರೆ. ಹೆರಿಗೆ ನೋವು ಕಡಿಮೆ ಮಾಡುವ ವೈದ್ಯಕೀಯ ವಿಧಾನದ ಬಗ್ಗೆ ಇಂತಹದೇ ಸಂಶಯ ಬಂದಾಗ ಪೋಪ್ 12ನೇ ಪಿಯುಸರು 1956ರ ಜನವರಿ 8ರಂದು ವೈದ್ಯರನ್ನು ಉದ್ದೇಶಿಸಿ ಮಾತನಾಡಿ, ಅದು ಪವಿತ್ರ ಗ್ರಂಥಕ್ಕಾಗಲಿ ನೀತಿಗಾಗಲಿ ವಿರುದ್ಧವಲ್ಲ ಎಂದು ತಿಳಿಸಿದ್ದರು. 1880ರಲ್ಲಿ ಜೆಸ್ವಿತ್ ಗುರು ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲು ಆರಂಭಿಸಿದ ನಮ್ಮ ಕರಾವಳಿಯಲ್ಲಿ ವಿಶ್ವಾಸಕ್ಕೂ ವೈದ್ಯಕೀಯಕ್ಕೂ ಜಗಳ ಇರಬೇಕಾಗಿಲ್ಲ.

ಉಪವಾಸ ಮತ್ತು ಪರಮ ಪ್ರಸಾದ

ಪರಮ ಪ್ರಸಾದಕ್ಕೆ ಮುನ್ನ ಒಂದು ಗಂಟೆ ಉಪವಾಸ ಎಂಬ ನಿಯಮ ಎಲ್ಲರಿಗೂ ತಿಳಿದಿದೆ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿಯ ಪ್ರಕಾರ ನೀರು ಮತ್ತು ಔಷಧದಿಂದ ಈ ಉಪವಾಸ ಮುರಿಯುವುದಿಲ್ಲ. ವೃದ್ಧರು, ಅಸ್ವಸ್ಥರು ಮತ್ತು ಅವರನ್ನು ನೋಡಿಕೊಳ್ಳುವವರು ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪ್ರಸಾದ ಸ್ವೀಕರಿಸಬಹುದು. ಬಲಿಪೂಜೆಯ ನಡುವೆ ಸಕ್ಕರೆ ಕುಸಿದರೆ ಗ್ಲೂಕೋಸ್ ತಿನ್ನಲು ಹಿಂಜರಿಯಬೇಡಿರಿ, ಅನಂತರ ಪ್ರಸಾದ ಸ್ವೀಕರಿಸಲೂ ಹಿಂಜರಿಯಬೇಡಿರಿ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸವೂ ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗರ್ಭಿಣಿಯರಿಗೆ ಕಡ್ಡಾಯವಲ್ಲ. ಮಗುವಿಗಾಗಿ ಹರಕೆ ಹೊತ್ತು ಉಪವಾಸ ಮಾಡುವ ಸಹೋದರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ದಾನ, ಪ್ರಾರ್ಥನೆ, ರೋಗಿಗಳ ಭೇಟಿ ಮೊದಲಾದ ಬೇರೆ ತ್ಯಾಗಗಳನ್ನು ಆರಿಸಿಕೊಳ್ಳಬಹುದು.

ಗಂಡನ ಪಾಲು, ಮನೆಯವರ ಪಾಲು

ನಮ್ಮ ಅನೇಕ ಕುಟುಂಬಗಳಲ್ಲಿ ಗಂಡ ಗಲ್ಫಿನಲ್ಲಿ, ಹೆಂಡತಿ ಊರಿನಲ್ಲಿ. ಹೊಸ ಸೆನ್ಸರ್‌ಗಳ ಅಂಕಿಗಳನ್ನು ದೂರದಲ್ಲಿರುವವರೂ ಮೊಬೈಲಿನಲ್ಲಿ ನೋಡಬಹುದು. ಇದು ದೊಡ್ಡ ಅನುಕೂಲ. ರಾತ್ರಿ ಎರಡು ಗಂಟೆಗೆ ಸಕ್ಕರೆ ಕುಸಿದಾಗ ದುಬಾಯಿಯಿಂದ ಕರೆ ಮಾಡಿ ಎಬ್ಬಿಸಬಹುದು. ಆದರೆ ಅದೇ ಸೌಕರ್ಯ ಪೊಲೀಸ್ ಕಾವಲಾಗಬಾರದು. "ಏನು ತಿಂದೆ? 190 ಯಾಕಾಯಿತು?" ಎಂದು ದಿನವೂ ಕೇಳಿದರೆ ಹೆಂಡತಿ ಕೊನೆಗೆ ಸೆನ್ಸರ್ ಕಿತ್ತಿಡುತ್ತಾಳೆ. ಯಾವಾಗ ಕರೆ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂದು ಇಬ್ಬರೂ ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು. ಗಲ್ಫಿಗೆ ಪ್ರಯಾಣಿಸುವಾಗ ಇನ್ಸುಲಿನ್ ಕೈಚೀಲದಲ್ಲಿರಲಿ, ವೈದ್ಯರ ಪತ್ರ ಜೊತೆಗಿರಲಿ. ವಿಮಾನ ನಿಲ್ದಾಣದ ಎಕ್ಸ್‌ರೇ ಯಂತ್ರದಲ್ಲಿ ಪಂಪ್ ಹಾಕಬಹುದೇ ಎಂದು ಕೈಪಿಡಿ ನೋಡಿಕೊಳ್ಳಿರಿ.

ಅತ್ತೆ ಮಾವಂದಿರಿಗೆ ಒಂದು ಮಾತು. "ಬಸುರಿ ಇಬ್ಬರ ಊಟ ಮಾಡಬೇಕು" ಎಂದು ಒತ್ತಾಯಿಸುವುದು ಪ್ರೀತಿಯಿಂದಲೇ ಇರಬಹುದು. ಆದರೆ ಸೊಸೆ ಊಟಕ್ಕೆ ಮುನ್ನ ಅಳತೆ ಮಾಡಿ, ಗುಂಡಿ ಒತ್ತಿ, ಸ್ವಲ್ಪ ಕಾದು ತಿನ್ನುವಾಗ ಅದಕ್ಕೆ ಅವಕಾಶ ಕೊಡುವುದೂ ಪ್ರೀತಿಯೇ. ಗರ್ಭದ ಕೊನೆಯ ತಿಂಗಳುಗಳಲ್ಲಿ ಇನ್ಸುಲಿನ್ ಎರಡು ಪಟ್ಟು ಬೇಕಾಗುವುದೂ ಉಂಟು. ಕಾಯಿಲೆ ಜಾಸ್ತಿಯಾಯಿತೆಂದು ಇದರ ಅರ್ಥವಲ್ಲ, ಅದು ಗರ್ಭದ ಸ್ವಭಾವ. ಹೆರಿಗೆಯಾದ ಕೂಡಲೇ ಅದು ಥಟ್ಟನೆ ಇಳಿಯುತ್ತದೆ. ಮೊಲೆಯುಣಿಸುವಾಗಲೂ ಸಕ್ಕರೆ ಕುಸಿಯುತ್ತದೆ. ಬಾಣಂತಿಯ ಪಕ್ಕದಲ್ಲಿ ತಿನ್ನಲು ಏನಾದರೂ ಇಡಿರಿ.

ಮದುವೆ ಸಂಬಂಧ ನೋಡುವಾಗ ಕಾಯಿಲೆಯನ್ನು ಮುಚ್ಚಿಡುವ ರೂಢಿಯೂ ನಮ್ಮಲ್ಲಿದೆ. ಮಧುಮೇಹ ವಿವಾಹ ಸಂಸ್ಕಾರಕ್ಕೆ ಅಡ್ಡಿಯಲ್ಲ. ಆದರೆ ಮುಚ್ಚಿಟ್ಟು ಮದುವೆಯಾದ ಹುಡುಗಿ ಬಚ್ಚಲಮನೆಯಲ್ಲಿ ಕದ್ದು ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ, ಸೆನ್ಸರ್ ಹಾಕುವುದೇ ಬೇಡ ಎನ್ನುತ್ತಾಳೆ. ಅದರ ಬೆಲೆ ತೆರುವುದು ಅವಳ ದೇಹ, ಮುಂದೆ ಅವಳ ಮಗು. ಹೆತ್ತವರು ಮೊದಲೇ ಹೇಳುವ ಧೈರ್ಯ ಮಾಡಲಿ, ಕೇಳುವವರು ಅದನ್ನು ಕೊರತೆಯೆಂದು ನೋಡದಿರಲಿ.

ಧರ್ಮಕೇಂದ್ರ ಏನು ಮಾಡಬಹುದು?

ಮದುವೆ ಸಿದ್ಧತಾ ಶಿಬಿರಗಳಲ್ಲಿ ವೈದ್ಯರ ತರಗತಿ ಇರುವಾಗ ಮಧುಮೇಹ ಮತ್ತು ಗರ್ಭಧಾರಣೆಯ ಸಿದ್ಧತೆಯ ಬಗ್ಗೆ ಹತ್ತು ನಿಮಿಷ ಸೇರಿಸಬಹುದು. ಸ್ತ್ರೀ ಸಂಘಟನೆಯವರು ಈ ಹಾದಿಯಲ್ಲಿ ಈಗಾಗಲೇ ನಡೆದ ತಾಯಂದಿರನ್ನು, ಅವರ ಒಪ್ಪಿಗೆ ಪಡೆದು, ಹೊಸಬರಿಗೆ ಪರಿಚಯಿಸಬಹುದು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಒಂದು ಬಡ ಗರ್ಭಿಣಿಗೆ ಸಕ್ಕರೆ ಪರೀಕ್ಷೆಯ ಪಟ್ಟಿಗಳನ್ನು ಒಂಬತ್ತು ತಿಂಗಳು ಒದಗಿಸಿದರೆ ಅದೊಂದು ದೊಡ್ಡ ಸೇವೆ. ವಾಳೆಯ ಗುರಿಕಾರರು ಇಂತಹ ಮನೆಗಳನ್ನು ಬಲ್ಲವರು. ಕಾಯಿಲೆಯ ವಿಷಯ ವಾಳೆಯ ಮಾತಾಗದಂತೆ ನೋಡಿಕೊಳ್ಳುವುದು ಅವರ ಜವಾಬ್ದಾರಿ.

ಬಲಿಪೂಜೆಯ ವೇಳೆ ಯಾರದಾದರೂ ಬಳಿಯಿಂದ ಸಣ್ಣ ಬೀಪ್ ಶಬ್ದ ಕೇಳಿದರೆ ತಿರುಗಿ ಕಣ್ಣು ಕೆಂಪಗೆ ಮಾಡುವ ಮುನ್ನ ಒಂದು ಕ್ಷಣ ಯೋಚಿಸೋಣ. ಅದು ಮೊಬೈಲಿನ ಹುಡುಗಾಟ ಆಗಿರಲಿಕ್ಕಿಲ್ಲ, ಒಬ್ಬ ತಾಯಿಯ ಸಕ್ಕರೆ ಇಳಿಯುತ್ತಿದೆ ಎಂಬ ಎಚ್ಚರಿಕೆ ಆಗಿರಬಹುದು. ಆಕೆ ಚೀಲದಿಂದ ಗ್ಲೂಕೋಸ್ ತೆಗೆದು ಬಾಯಿಗೆ ಹಾಕಿಕೊಂಡರೆ ಪಕ್ಕದಲ್ಲಿ ಕುಳಿತವರು ಸ್ವಲ್ಪ ನೀರು ಕೊಡಲಿ.

ಸಕ್ಕರೆ ಕಾಯಿಲೆಯೊಂದಿಗೆ ತಾಯ್ತನಕ್ಕೆ ಸಿದ್ಧರಾಗುತ್ತಿರುವ ಎಲ್ಲ ಸಹೋದರಿಯರಿಗೂ ಅವರ ಪತಿಯಂದಿರಿಗೂ ಮಾತೆ ಮರಿಯಮ್ಮನವರ ಆಸರೆಯನ್ನು ಬೇಡುತ್ತೇವೆ. ನಿಮ್ಮ ಊರಿನ ವೈದ್ಯರೊಂದಿಗೆ ಈ ವಾರವೇ ಮಾತನಾಡಿರಿ.